ಗುಡಿಸದ ನೆಲ

ಚೆನ್ನೈಯಲ್ಲಿ ಬೆಳಗಾಗುವುದು ಪಾರ್ಕಿನ ಗೇಟಿನ ಮುಂದೆ. ಬೀದಿದೀಪ ಇನ್ನೂ ಆರಿರುವುದಿಲ್ಲ, ಆಗಲೇ ಅಲ್ಲೊಂದು ಕಿರುಸಂತೆ ನೆರೆದಿರುತ್ತದೆ. ಸ್ಟೀಲಿನ ಪಾತ್ರೆಗಳಲ್ಲಿ ಗರಿಕೆಯ ರಸ, ಬಾಳೆದಿಂಡಿನ ರಸ, ಬೂದುಗುಂಬಳದ ರಸ, ನುಗ್ಗೆಸೊಪ್ಪಿನ ಬಿಸಿ ಸೂಪು. ನಮ್ಮ ಸಾಗರದ ಕಡೆ ಗಣಪತಿಗೆ ಮೀಸಲಾದ ಗರಿಕೆಯನ್ನು ಇಲ್ಲಿನವರು ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದು, ಮುಖ ಹಿಂಡಿ, ಸಕ್ಕರೆ ಕಾಯಿಲೆಗೆ ಇದಕ್ಕಿಂತ ಮದ್ದಿಲ್ಲ ಎಂದು ಪಕ್ಕದವರಿಗೆ ಶಿಫಾರಸು ಮಾಡುತ್ತಾರೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ನಾನೂ ಕುಡಿಯುತ್ತೇನೆ. ಮುಖ ಹಿಂಡುವುದು ಮಾತ್ರ ನಿಂತಿಲ್ಲ.

ಒಳಗೆ ಹೋದರೆ ಒಂದು ಮೂಲೆಯಲ್ಲಿ ನಗೆಕೂಟ, ಇನ್ನೊಂದರಲ್ಲಿ ಯೋಗಾಸನ, ಮಗದೊಂದರಲ್ಲಿ ಷಟಲ್. ನೆಲದ ಮೇಲೆ ದೊಡ್ಡದಾಗಿ ಎಂಟು ಎಂದು ಅಂಕಿ ಬರೆದಂಥ ಕಾಲುದಾರಿ. ಆ ಎಂಟರ ಮೇಲೇ ಸುತ್ತಿ ಸುತ್ತಿ ನಡೆದರೆ ಮಂಡಿನೋವಿನಿಂದ ಹಿಡಿದು ರಕ್ತದೊತ್ತಡದವರೆಗೆ ಎಲ್ಲವೂ ತಹಬಂದಿಗೆ ಬರುತ್ತದೆಂದು ನಂಬಿದ ಹಿರಿಯರು ಒಬ್ಬರ ಹಿಂದೊಬ್ಬರು ಹೊರಟಿರುತ್ತಾರೆ. ಎಂಟರ ನಡುವಿನ ಗಂಟಿನಲ್ಲಿ ಇಬ್ಬರು ಎದುರಾದರೆ ಯಾರು ಮೊದಲು ದಾಟಬೇಕು ಎಂಬುದಕ್ಕೆ ಅಲಿಖಿತ ಕಾನೂನುಗಳಿವೆ. ವಯಸ್ಸು, ಹಿಂದೆ ಮಾಡುತ್ತಿದ್ದ ಕೆಲಸದ ದರ್ಜೆ, ಮೊಮ್ಮಗ ಅಮೆರಿಕದಲ್ಲಿದ್ದಾನೋ ಬೆಂಗಳೂರಿನಲ್ಲಿದ್ದಾನೋ ಎಲ್ಲವೂ ಗಣನೆಗೆ ಬರುತ್ತವೆ.

ಮೈಲಾಪುರದ ಲಜ್ ಬಳಿಯ ನಾಗೇಶ್ವರ ರಾವ್ ಪಾರ್ಕು ಈ ಲೋಕದ ರಾಜಧಾನಿ. ತಲೆನೋವಿಗೆ ನಾವೆಲ್ಲ ಹಣೆಗೆ ಹಚ್ಚಿಕೊಂಡ ಹಳದಿ ಅಮೃತಾಂಜನವನ್ನು 1893ರಲ್ಲಿ ತಯಾರಿಸಿದ, 'ಆಂಧ್ರಪತ್ರಿಕೆ'ಯನ್ನು ನಡೆಸಿದ ಕಾಶೀನಾಥುನಿ ನಾಗೇಶ್ವರ ರಾಯರ ಹೆಸರು ಅದಕ್ಕೆ. ಸುಂದರಂ ಫೈನಾನ್ಸ್‌ನವರು ಅದನ್ನು ನೋಡಿಕೊಳ್ಳುತ್ತಾರೆ. ಅಲ್ಲಿ ಮೈಕಿಲ್ಲದೆ ಎಳೆಯ ಮಕ್ಕಳ ಕಚೇರಿ ನಡೆಯುವುದೂ ಉಂಟು. ಕಾಂಭೋಜಿಯ ಆಲಾಪನೆಯ ನಡುವೆ ಕೋಗಿಲೆ ತನ್ನದೇ ಶ್ರುತಿಯಲ್ಲಿ ಕೂಗಿ ಮೃದಂಗದ ಹುಡುಗನನ್ನು ನಗಿಸಿದ್ದನ್ನು ನಾನೇ ಕೇಳಿದ್ದೇನೆ.

ಕ್ಯಾಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಇನ್ನೊಂದು. 2010ರಲ್ಲಿ ತೆರೆದ, ಇಪ್ಪತ್ತು ಎಕರೆಯ, ದೇಶವಿದೇಶದ ಗಿಡಗಳನ್ನು ಜೋಡಿಸಿಟ್ಟ ಅಂದದ ತೋಟ. ಆದರೆ ನನ್ನ ವಯಸ್ಸಿನ ಕನ್ನಡಿಗರು ಅಲ್ಲಿಗೆ ಹೋದರೆ ಗಿಡ ನೋಡುವುದಕ್ಕಿಂತ ಹೆಚ್ಚಾಗಿ ಮೂಗರಳಿಸಿ ಸಾಂಬಾರಿನ ವಾಸನೆ ಹುಡುಕುತ್ತಾರೆ. ಕಡಂದಲೆಯಿಂದ ಮದರಾಸಿಗೆ ಬಂದು ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು 1962ರಲ್ಲಿ ತೆರೆದ ಡ್ರೈವ್-ಇನ್ ಹೋಟೆಲು ಇದ್ದದ್ದು ಆ ನೆಲದಲ್ಲೇ. ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ, ಮರದ ನೆರಳಿನಲ್ಲಿ ಗಂಟೆಗಟ್ಟಲೆ ಕೂತು ದೋಸೆ ಕಾಫಿ ಮುಗಿಸುತ್ತಿದ್ದ ಜನ. 2008ರಲ್ಲಿ ಹೋಟೆಲು ಮುಚ್ಚಿತು, ಪಾರ್ಕು ಬಂತು. ಹಸಿರಿಗಾಗಿ ದೋಸೆಯನ್ನು ತ್ಯಾಗ ಮಾಡಿದ ಸಮುದಾಯ ನಮ್ಮದು ಎಂದು ನನ್ನ ಯಜಮಾನರು ಈಗಲೂ ಹೇಳಿಕೊಳ್ಳುತ್ತಾರೆ.

ಈ ಎಲ್ಲ ಪಾರ್ಕುಗಳ ಹಿನ್ನೆಲೆ ಸಂಗೀತ ಒಂದೇ. ತೆಂಗಿನಕಡ್ಡಿ ಪೊರಕೆಯ ಸರ್ ಸರ್. ನೀಲಿಯೋ ಹಸಿರೋ ಕೋಟು ತೊಟ್ಟ ಹೆಂಗಸರು ಕತ್ತಲಲ್ಲೇ ಶುರುಮಾಡಿ, ಮರದ ಬುಡ, ಹುಲ್ಲುಹಾಸು, ಕಲ್ಲುಬೆಂಚಿನ ಕೆಳಗೆ, ಎಲ್ಲೂ ಒಂದು ಒಣಗಿದೆಲೆ ಉಳಿಯದಂತೆ ಗುಡಿಸಿರುತ್ತಾರೆ. ಗುಡ್ಡೆ ಹಾಕಿದ ಎಲೆಯನ್ನು ಕಾಗದದ ಲೋಟ, ಬಿಸ್ಕತ್ತಿನ ಪೊಟ್ಟಣಗಳ ಸಮೇತ ಗಾಡಿಗೆ ತುಂಬುತ್ತಾರೆ. ನೆಲ ನುಣ್ಣಗೆ, ಗೀರು ಗೀರಾಗಿ, ಹಬ್ಬದ ಅಂಗಳದ ಹಾಗೆ ಕಾಣುತ್ತದೆ. ವಾಯುವಿಹಾರಿಗಳು ಮೆಚ್ಚುಗೆಯಿಂದ ತಲೆಯಾಡಿಸುತ್ತಾರೆ.

ನನಗೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಕಡೆ ತರಗೆಲೆಗೆ ದರಕು ಎನ್ನುತ್ತೇವೆ. ಚಳಿ ಕಳೆದು ಮರ ಎಲೆ ಉದುರಿಸಿದ ಮೇಲೆ ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು ಗುಡಿಸಿ ಹೊತ್ತು ತರುವುದು ಅಡಿಕೆ ತೋಟದವರ ಮನೆಯ ದೊಡ್ಡ ಕೆಲಸ. ಅದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಾಗಿ, ಸಗಣಿ ಗಂಜಲ ಕುಡಿದು, ಗೊಬ್ಬರಗುಂಡಿ ಸೇರಿ, ವರ್ಷ ಕಳೆದು ಅಡಿಕೆ ಮರದ ಬುಡ ತಲುಪುತ್ತದೆ. ಅಂಥ ಮನೆಯಿಂದ ಬಂದವಳ ಕಣ್ಣೆದುರಿಗೆ ದರಕನ್ನು ಪ್ಲಾಸ್ಟಿಕ್ಕಿನ ಜೊತೆ ಕಲಸಿ ಲಾರಿಗೆ ಹಾಕಿದರೆ ಹೇಗಾಗಬೇಡ! ಹಾಗೆಂದು ನಮ್ಮ ಬೆಟ್ಟ ಗುಡಿಸುವುದೇನೂ ಪುಣ್ಯದ ಕೆಲಸವಲ್ಲ, ಅದನ್ನೂ ಹೇಳಬೇಕು. ಪ್ರತಿ ವರ್ಷ ಮಣ್ಣು ಕಾಣುವಂತೆ ಗುಡಿಸಿದ ಬೆಟ್ಟದಲ್ಲಿ ಬಿದ್ದ ಬೀಜಕ್ಕೆ ಮೊಳೆಯುವಷ್ಟು ತೇವ ಉಳಿಯುವುದಿಲ್ಲ, ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ. ತೋಟ ಹಸಿರಾದದ್ದು ಬೆಟ್ಟದ ಹೊಟ್ಟೆಗೆ ಹೊಡೆದೇ. ಚಿಕ್ಕಂದಿನಲ್ಲಿ ಇದು ನಮಗೆ ತೋರಲಿಲ್ಲ. ತೋರಿದ್ದು ಚೆನ್ನೈಯಲ್ಲಿ, ಅಡಯಾರ್ ನದಿಯ ದಂಡೆಯ ಮೇಲೆ, ಗೋಣಿಚೀಲ ಹಿಡಿದು ನಿಂತಾಗ.

ಕೋಟ್ಟೂರುಪುರಂನಲ್ಲಿ ನದಿಗೆ ಅಂಟಿಕೊಂಡಂತೆ ಒಂದು ಮರಗಳ ಪಾರ್ಕಿದೆ. ಮೇಲೆ ಎತ್ತರದ ಹಳಿಯಲ್ಲಿ ಲೋಕಲ್ ರೈಲು ಹೋಗುತ್ತದೆ, ಕೆಳಗೆ ನಾಲ್ಕೈದು ಎಕರೆ ಕಾಡು. ಲೋಕೋಪಯೋಗಿ ಇಲಾಖೆಯ ನೆಲ ಅದು. ಊರಿನ ಕಸ, ಕಟ್ಟಡ ಒಡೆದ ಇಟ್ಟಿಗೆ ಗಾರೆ ಬಂದು ಬೀಳುತ್ತಿದ್ದ ಜಾಗ. 2005ರಲ್ಲಿ ಹುಟ್ಟಿದ 'ನಿಳಲ್' ಎಂಬ ಸಂಸ್ಥೆ ಮರುವರ್ಷದಿಂದ ಅಲ್ಲಿ ಗಿಡ ನೆಡತೊಡಗಿತು. ಸಂಬಳಕ್ಕೆ ಆಳುಗಳನ್ನಿಟ್ಟು ಒಂದೇ ಸಲ ತೋಟ ಎಬ್ಬಿಸುವ ಬಾಬತ್ತಲ್ಲ ಅದು. ಭಾನುವಾರದ ಬೆಳಿಗ್ಗೆ ಯಾರು ಬರುತ್ತಾರೋ ಅವರೇ ಆಳು, ಅವರೇ ಮೇಸ್ತ್ರಿ. ಸಾಫ್ಟ್‌ವೇರಿನ ಹುಡುಗ, ನಿವೃತ್ತ ಬ್ಯಾಂಕ್ ಅಧಿಕಾರಿ, ಕಾಲೇಜಿನ ಎನ್ನೆಸ್ಸೆಸ್ ಮಕ್ಕಳ ಒಂದು ಹಿಂಡು, ಅಮ್ಮನ ಬಲವಂತಕ್ಕೆ ಬಂದು ನಿದ್ದೆಗಣ್ಣಲ್ಲಿ ನಿಂತ ಆರನೇ ಕ್ಲಾಸಿನವನು. ಪಕ್ಕದ ಮನೆಯವರು ಕರೆದುಕೊಂಡು ಹೋದದ್ದರಿಂದ ನಾನೂ ಸೇರಿಕೊಂಡೆ. ನನ್ನ ತಮಿಳು ಆಗ ತರಕಾರಿ ಅಂಗಡಿಯ ಆಚೆ ದಾಟಿರಲಿಲ್ಲ. ಕಳೆ ಕೀಳುವುದಕ್ಕೆ ಅಷ್ಟು ಸಾಕಾಗಿತ್ತು.

ಪಾರ್ಕಿನ ಸ್ವಯಂಸೇವೆ ಅಂದರೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಎಂದು ಹೊರಗಿನವರ ಎಣಿಕೆ. ನೆಡುವ ದಿನ ಬರುವುದು ವರ್ಷದಲ್ಲಿ ಒಂದೆರಡು. ಉಳಿದ ಭಾನುವಾರಗಳೆಲ್ಲ ಹೊಳಪಿಲ್ಲದ ಕೆಲಸದವು. ಹಿಂದಿನ ಮಳೆಗೆ ಎದ್ದ ಕಳೆಯನ್ನು ಬೇರು ಸಮೇತ ಕೀಳಬೇಕು. ಹಾರೆ ಹಾಕಿ ನೆಲ ಅಗೆದರೆ ಮಣ್ಣಿಗಿಂತ ಮೊದಲು ಸಿಮೆಂಟಿನ ತುಂಡು, ಹಳೆಯ ಚಪ್ಪಲಿ, ಹಾಲಿನ ಪಾಕೀಟು ಬರುತ್ತವೆ, ಅವನ್ನು ಆರಿಸಬೇಕು. ಎಳೆಗಿಡಕ್ಕೆ ಕಟ್ಟಿದ ಹಗ್ಗ ಕಾಂಡಕ್ಕೆ ಬಿಗಿಯುವ ಮೊದಲು ಸಡಿಲಿಸಬೇಕು. ಬೀದಿಬದಿಯ ಮರಗಳದ್ದು ಇನ್ನೊಂದು ಪಾಡು. ನೀಟ್ ಕೋಚಿಂಗು, ಮನೆ ಬಾಡಿಗೆ, ಮೂಲವ್ಯಾಧಿ ಚಿಕಿತ್ಸೆಗಳ ಬೋರ್ಡು ಹೊಡೆದ ಮೊಳೆಗಳು, ರಕ್ಷಣೆಗೆಂದು ನಿಲ್ಲಿಸಿ ಮರೆತುಬಿಟ್ಟು ಈಗ ಮರದ ಮೈಯೊಳಗೆ ಹೂತುಹೋದ ಕಬ್ಬಿಣದ ಬೇಲಿ. ನಿಳಲ್‌ನವರು ಜನರನ್ನು ಸೇರಿಸಿಕೊಂಡು ಮೊಳೆ ಕೀಳುವ ಕೆಲಸವನ್ನೂ ನಡೆಸಿಕೊಂಡು ಬಂದಿದ್ದಾರೆ. ಮರದಿಂದ ಮೊಳೆ ಕಿತ್ತವರಿಗೆ ಗೊತ್ತು, ಅದು ಬರುವಾಗ ಕಿರ್ರೆನ್ನುತ್ತದೆ. ಆ ಸದ್ದು ಹಲ್ಲಿನ ವೈದ್ಯರನ್ನು ನೆನಪಿಸುವಂಥದ್ದು. ಹೆಚ್ಚು ಹೊತ್ತು ಆ ಕೆಲಸ ನನ್ನಿಂದಾಗದು.

ಅಲ್ಲಿ ಮೊದಲ ದಿನ ನಾನು ಕಂಡ ವಿಚಿತ್ರವೆಂದರೆ, ಗುಡಿಸುವವರೇ ಇಲ್ಲ. ಎಲೆ ಬಿದ್ದಲ್ಲೇ ಬಿದ್ದಿದೆ. ಒಣಗಿದ ಕೊಂಬೆ ಮುರಿದಲ್ಲೇ ಮಲಗಿದೆ. ಕೈ ತುರಿಸಿ ಗಿಡದ ಬುಡದಲ್ಲಿ ಎರಡು ಹಿಡಿ ಎಲೆ ಬಳಿದೆನೋ ಇಲ್ಲವೋ, ಹತ್ತಿರವಿದ್ದ ಹುಡುಗಿ 'ಅದು ಇರಲಿ ಬಿಡಿ ಮಾಮಿ' ಎಂದಳು. ಸೀರೆ ಉಟ್ಟು ಕುಂಕುಮ ಇಟ್ಟವರೆಲ್ಲ ಈ ಊರಿನಲ್ಲಿ ಮಾಮಿ. ನಮ್ಮೂರಿನಲ್ಲಿ ನನ್ನ ಅತ್ತೆ ಹೇಳುತ್ತಿದ್ದದ್ದು ಆ ಹುಡುಗಿಯ ಮಾತಿಗೆ ತದ್ವಿರುದ್ಧ. ಒಂದು ಎಲೆ ಬಿಟ್ಟು ಬಂದರೂ ಬೆಟ್ಟಕ್ಕೆ ಮತ್ತೆ ಕಳಿಸುತ್ತಿದ್ದರು.

ಇರಲಿ ಎಂದು ಬಿಟ್ಟ ಮೇಲೆ ನೋಡುವುದಕ್ಕೆ ಪುರುಸೊತ್ತು ಸಿಕ್ಕಿತು. ಎಲೆಯ ಒಂದು ಪದರ ಎತ್ತಿದರೆ ಚೋರಟೆಗಳು ಚಕ್ಕುಲಿ ಸುತ್ತಿಕೊಳ್ಳುತ್ತವೆ. ಇನ್ನೊಂದು ಪದರ ಎತ್ತಿದರೆ ಜರಿ ಸರ್ರನೆ ಜಾರುತ್ತದೆ, ಅದರ ಹಿಂದೆ ನನ್ನ ಕಿರುಚಾಟ. ಎಲೆ ಮತ್ತು ಮಣ್ಣು ಕೂಡುವಲ್ಲಿ ಬಿಳಿಯ ಬೂಷ್ಟು ದಾರದಾರವಾಗಿ ಹಬ್ಬಿ, ಎಲೆಗಳನ್ನು ಒಂದಕ್ಕೊಂದು ಹೊಲಿದಿರುತ್ತದೆ. ಹಾವುರಾಣಿ ಬಿಸಿಲು ಕಾಯಿಸಲು ಬಂದು ನಮ್ಮ ಹೆಜ್ಜೆಗೆ ಒಳಸೇರುತ್ತದೆ. ಮರದ ಬುಡದ ಪುಡಿಮಣ್ಣಿನಲ್ಲಿ ಆಲಿಕೆಯಂಥ ಕುಣಿ ತೋಡಿ, ತಳದಲ್ಲಿ ಅಡಗಿ, ಜಾರಿ ಬೀಳುವ ಇರುವೆಗೆ ಹೊಂಚುಹಾಕಿದ ಹುಳುಗಳನ್ನು ಆ ಆರನೇ ಕ್ಲಾಸಿನವನು ಕಂಡುಹಿಡಿದ. ಆವತ್ತಿನಿಂದ ಅವನಿಗೆ ಅಮ್ಮನ ಬಲವಂತ ಬೇಕಾಗಲಿಲ್ಲ. ಹುಲ್ಲುಕಡ್ಡಿಯಿಂದ ಕುಣಿಯ ಅಂಚಿಗೆ ತಾಗಿಸುವುದು, ಹುಳು ಮರಳು ಚಿಮ್ಮಿಸುವುದು, ಇವನು ನಗುವುದು. ಅವನಿಂದ ಆ ದಿನ ಕಳೆ ಕೀಳಿಸುವ ಆಸೆಯನ್ನು ಎಲ್ಲರೂ ಬಿಟ್ಟೆವು.

ಕೆಂಜಿಗಗಳೂ ಇವೆ, ಎಲೆ ಹೊಲಿದು ಗೂಡು ಮಾಡುವ ಆ ಕೋಪಿಷ್ಠ ಕೆಂಪಿರುವೆಗಳು. ಕೊಂಬೆಗೆ ಕೈ ತಾಗಿದರೆ ಕುತ್ತಿಗೆಯೊಳಗೆ ಇಳಿಯುತ್ತವೆ. ನಮ್ಮ ಮಲೆನಾಡಿನಲ್ಲಿ ಇದನ್ನು ಚಗಳಿ ಎನ್ನುತ್ತಾರೆ, ಕೆಲವರು ಹುರಿದು ಖಾರ ಹಾಕಿ ಚಟ್ನಿ ಅರೆಯುತ್ತಾರೆ ಎಂದು ನನ್ನ ಮುರುಕು ತಮಿಳಿನಲ್ಲಿ ಹೇಳಿದೆ. ನಾನು ತಿಂದವಳಲ್ಲ. ಆದರೆ ಎನ್ನೆಸ್ಸೆಸ್ ಹುಡುಗರು ಅಂದಿನಿಂದ ನನ್ನ ಕಡೆ ಒಂದು ಬಗೆಯ ಭಯಭಕ್ತಿಯಿಂದ ನೋಡತೊಡಗಿದರು. ಅದನ್ನು ಕಳೆದುಕೊಳ್ಳುವ ಮನಸ್ಸಿಲ್ಲದೆ ತಿದ್ದಲು ಹೋಗಲಿಲ್ಲ.

ಈ ಊರಿನ ಮಳೆಯ ಲೆಕ್ಕ ನನಗೆ ಹಿಡಿಯಲು ವರ್ಷಗಳು ಬೇಕಾದವು. ಜೂನ್ ಬಂದರೆ ಗುಂಡಿ ತೋಡಿ ಗಿಡ ಇಡುವ ಜನ ನಾವು. ಇಲ್ಲಿ ಜೂನ್ ಅಂದರೆ ಬೆಂಕಿ. ಪಶ್ಚಿಮಘಟ್ಟದಲ್ಲಿ ನಮ್ಮ ಮೇಲೆ ಸುರಿದು ಖಾಲಿಯಾದ ಮೋಡಗಳು ಈ ಕರಾವಳಿಗೆ ಬರುವ ಹೊತ್ತಿಗೆ ಅವುಗಳಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ವರ್ಷದ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರಿನಲ್ಲಿ, ಬಂಗಾಳ ಕೊಲ್ಲಿಯ ಕಡೆಯಿಂದ. ನಮ್ಮಲ್ಲಿ ದೀಪಾವಳಿಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಇಲ್ಲಿ ಪಟಾಕಿ ನೆನೆಯುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲಿ ಗುಂಡಿ, ಮೊದಲ ಹದ ಮಳೆಗೆ ಗಿಡ. ಎರಡು ಮೂರು ತಿಂಗಳ ನೀರಿನಲ್ಲಿ ಇಡೀ ವರ್ಷ ದಬ್ಬಬೇಕಾದ ಈ ಕೋರಮಂಡಲ ತೀರದ ಕಾಡೂ ಅದಕ್ಕೆ ತಕ್ಕ ಹಾಗಿದೆ. ಕುಳ್ಳ ಮರಗಳು, ಚಿಕ್ಕ ಚಿಕ್ಕ ದಪ್ಪ ಎಲೆ, ಬಿಸಿಲಿಗೆ ಹೊಳೆಯುವ ತೊಗಲಿನಂಥ ಮೈ, ಬರಗಾಲದಲ್ಲೂ ಬೋಳಾಗದ ಹಟ. ಒಣ ನಿತ್ಯಹರಿದ್ವರ್ಣ ಎಂಬ ವಿರೋಧಾಭಾಸದ ಹೆಸರು ಅದಕ್ಕೆ. ಹೊಂಗೆ, ಹೂವರಸಿ, ಸುರಹೊನ್ನೆ, ಕಾಡುನಿಂಬೆಗಳ ಪರಿಚಯ ನನಗೆ ಮೊದಲೇ ಇತ್ತು. ಇನ್ನೂ ಕೆಲವಕ್ಕೆ ನನ್ನ ಹತ್ತಿರ ಕನ್ನಡದ ಹೆಸರಿಲ್ಲ, ತಮಿಳಿನದ್ದೇ ಬಾಯಿಗೆ ಬಂದುಬಿಟ್ಟಿದೆ.

ಊರ ಮರಗಳನ್ನೇ ನೆಡಿ ಎಂದು ಹಟ ಹಿಡಿದವರು ಇಲ್ಲಿ ಹಿಂದೆಯೂ ಇದ್ದರು. ಮೈಲಾಪುರದ ಎಂ. ಕೃಷ್ಣನ್ ಅವರನ್ನು ನೆನೆಯದೆ ಈ ಊರಿನ ಹಕ್ಕಿಪಕ್ಕಿಯ ಮಾತು ಆಡುವ ಹಾಗಿಲ್ಲ. ತಮಿಳು ಕಾದಂಬರಿಕಾರ ಮಾಧವಯ್ಯನವರ ಮಗ. 1942ರಿಂದ 1949ರವರೆಗೆ ನಮ್ಮ ಸಂಡೂರಿನ ಸಂಸ್ಥಾನದಲ್ಲಿ ಮೇಷ್ಟರಿಕೆಯಿಂದ ನ್ಯಾಯಾಧೀಶಿಕೆಯವರೆಗೆ ಹಲವು ವೇಷ ಹಾಕಿ, ಆ ಬೆಟ್ಟಗಳಲ್ಲಿ ಅಲೆದು, ಸಂಸ್ಥಾನ ಹೋದ ಮೇಲೆ ಮದರಾಸಿಗೆ ಮರಳಿ ಬರವಣಿಗೆ ಮತ್ತು ಕ್ಯಾಮರಾವನ್ನು ನೆಚ್ಚಿ ಬದುಕಿದವರು. ಕಲ್ಕತ್ತೆಯ 'ದಿ ಸ್ಟೇಟ್ಸ್‌ಮನ್' ಪತ್ರಿಕೆಗೆ 1950ರಲ್ಲಿ ಶುರುಮಾಡಿದ ಅಂಕಣವನ್ನು 1996ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಆನೆ ಹುಲಿಗಳ ಜೊತೆಗೆ ಕಾಗೆ, ಅಳಿಲು, ಹಿತ್ತಲ ಗೂಬೆಗಳಿಗೂ ಅದರಲ್ಲಿ ಸಮಪಾಲು. ಹೊರದೇಶದ ಅಲಂಕಾರದ ಮರಗಳನ್ನು ತಂದು ನೆಡುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಅವರ ಮಾತಿಗೆ ಸಾಕ್ಷಿ ಹೇಳಲು 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂತು. ಒಂದೇ ಮಧ್ಯಾಹ್ನದಲ್ಲಿ ಊರಿನ ಸಾವಿರಾರು ಮರಗಳು ಅಡ್ಡಬಿದ್ದವು. ಕೆಂಪಾಗಿ ಹಳದಿಯಾಗಿ ಹೂಬಿಟ್ಟು ಬೀದಿಗೆ ಬೆಡಗು ಕೊಟ್ಟ ಗುಲ್‌ಮೊಹರ್ ಮತ್ತು ಅದರ ಬಳಗದವು ಬೇರು ಮೇಲಾಗಿ ಮಲಗಿದ್ದನ್ನು ಬೀದಿ ಬೀದಿಯಲ್ಲೂ ಕಂಡೆವು. ನಾಡಮರಗಳೂ ಬೀಳಲಿಲ್ಲವೆಂದಲ್ಲ, ಬುಡದ ಸುತ್ತ ಗೇಣು ಜಾಗ ಬಿಡದೆ ಸಿಮೆಂಟು ಮೆತ್ತಿದರೆ ಬೇವು ತಾನೇ ಏನು ಮಾಡೀತು.

ಅದಕ್ಕೆ ಹಿಂದಿನ ವರ್ಷ, 2015ರ ಡಿಸೆಂಬರ್ ಮೊದಲ ದಿನಗಳಲ್ಲಿ, ಅಡಯಾರ್ ಉಕ್ಕಿ ಕೋಟ್ಟೂರುಪುರಂನ ಮನೆಗಳಿಗೆ ನುಗ್ಗಿತ್ತು. ಜನ ಮಹಡಿ ಮೇಲೆ ರಾತ್ರಿ ಕಳೆದರು. ನದಿಯನ್ನು ಗಟಾರವೆಂದು ಕರೆದು ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತಿದ್ದವರಿಗೆ ಅದು ನದಿ ಎಂಬುದು ಅಂದು ಖಾತ್ರಿಯಾಯಿತು. ಈಗ ಮತ್ತೆ ಮೂಗು ಮುಚ್ಚುತ್ತಾರೆ. ಭಾನುವಾರ ಗಾಳಿ ಆ ಕಡೆಯಿಂದ ಬೀಸಿದರೆ ನಾವೂ ಮುಚ್ಚುತ್ತೇವೆ, ಸುಳ್ಳು ಹೇಳಬಾರದು.

ಇನ್ನು ನವರಂಗದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಎಲೆಯ ಪುರಾಣ ಕುಟ್ಟಿದ್ದು ಆ ಹಕ್ಕಿಗಾಗಿಯೇ. ಮೈನಾದಷ್ಟು ಗಾತ್ರ, ಬಾಲ ಇದೆಯೋ ಇಲ್ಲವೋ ಎನ್ನುವಷ್ಟು ಮೊಟಕು. ಬೆನ್ನು ಹಸಿರು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಹೊಟ್ಟೆ ತಿಳಿಗಂದು, ಬಾಲದ ಬುಡ ಕುಂಕುಮ, ಕಣ್ಣಿಗೆ ದಪ್ಪ ಕಾಡಿಗೆಯ ಪಟ್ಟಿ. ಇಷ್ಟು ಬಣ್ಣ ಬಳಿದುಕೊಂಡ ಹಕ್ಕಿ ಮರದ ತುದಿಯಲ್ಲಿ ಕೂತು ಮೆರೆಯಬೇಕಲ್ಲವೆ? ಇದು ನೆಲದಲ್ಲಿ ಕುಪ್ಪಳಿಸುತ್ತದೆ. ಬೇಸಿಗೆ ಮಳೆಗಾಲಗಳಲ್ಲಿ ಹಿಮಾಲಯದ ತಪ್ಪಲಲ್ಲಿ, ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗೆ ದಕ್ಷಿಣಕ್ಕೂ ಸಿಂಹಳಕ್ಕೂ ಹೊರಡುತ್ತದೆ. ಪಯಣ ರಾತ್ರಿಯದು. ಅಕ್ಟೋಬರಿನ ಯಾವುದೋ ನಸುಕಿನಲ್ಲಿ ಸುಸ್ತಾಗಿ ಚೆನ್ನೈಯ ಯಾರದೋ ಬಾಲ್ಕನಿಗೋ ಕಾರು ನಿಲ್ಲಿಸುವ ಜಾಗಕ್ಕೋ ಬಂದು ಬೀಳುತ್ತದೆ. ಮನೆಯವರು ಗಾಬರಿಯಾಗಿ, ಯಾರೋ ಸಾಕಿದ ವಿದೇಶಿ ಹಕ್ಕಿ ತಪ್ಪಿಸಿಕೊಂಡು ಬಂದಿದೆ ಎಂದು ಫೋನು ಮಾಡುತ್ತಾರೆ. ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ತಣ್ಣಗೆ ಇಟ್ಟು, ಚೇತರಿಸಿಕೊಂಡ ಮೇಲೆ ಮರಗಿಡಗಳಿರುವಲ್ಲಿ ಬಿಡಿ ಎಂದು ತಿಳಿದವರು ಹೇಳುತ್ತಾರೆ.

ಮರಗಿಡಗಳಿರುವಲ್ಲಿ ಎಂದರೆ ಸಾಲದು. ಇದರ ಊಟ ಇರುವುದು ತರಗೆಲೆಯ ಅಡಿಯಲ್ಲಿ. ಕೊಕ್ಕಿನಿಂದ ಒಂದೊಂದೇ ಎಲೆಯನ್ನು ಹೊರಳಿಸಿ, ಕೆಳಗಿನ ಹುಳುವನ್ನು ಹೆಕ್ಕಿ, ಮುಂದಿನ ಎಲೆಗೆ ಹೋಗುತ್ತದೆ. ನುಣ್ಣಗೆ ಗುಡಿಸಿದ ಪಾರ್ಕಿನಲ್ಲಿ ಎಷ್ಟೇ ಎತ್ತರದ ಮರವಿದ್ದರೂ ಇದಕ್ಕೆ ಅದು ಮುಚ್ಚಿದ ಹೋಟೆಲು. ಮುಂಜಾನೆ ಸಂಜೆ ಹೆಚ್ಚು ಕಡಿಮೆ ಆರಕ್ಕೆ ಸಿಳ್ಳೆಯಂಥ ಎರಡು ಸ್ವರ ಹಾಕುವುದರಿಂದ ತಮಿಳಿನವರು ಇದನ್ನು ಆರು ಗಂಟೆಯ ಹಕ್ಕಿ ಎನ್ನುತ್ತಾರೆ. ನಾನು ಅದನ್ನು ಕಂಡದ್ದು ಒಂದು ಭಾನುವಾರ ನೀರಿನ ಬಾಟಲಿ ಹುಡುಕುತ್ತ ಹಿಂದೆ ತಿರುಗಿದಾಗ. ಹೊಂಗೆಯ ಕೆಳಗೆ ಒಂದು ಎಲೆ ತಾನಾಗಿ ಮಗುಚಿಕೊಂಡಿತು. ಆಮೇಲೆ ಇನ್ನೊಂದು. ಬ್ಯಾಂಕಿನವರನ್ನು ಕರೆಯೋಣವೆಂದರೆ ತಮಿಳೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅವರು ಬರುವ ಹೊತ್ತಿಗೆ ಹಕ್ಕಿ ಪೊದೆಯ ಹಿಂದೆ ಹೋಗಿತ್ತು. 'ಮಾಮಿ, ಫೋಟೋ?' ಎಂದರು. ಇಲ್ಲವೆಂದೆ. ಅವರ ಪ್ರಕಾರ ಆದ್ದರಿಂದ ಹಕ್ಕಿಯೂ ಇರಲಿಲ್ಲ.

ಹಕ್ಕಿ ಎಣಿಸುವುದರಲ್ಲಿ ಅವರು ಕಟ್ಟುನಿಟ್ಟಿನ ಮನುಷ್ಯ. ಸಂಕ್ರಾಂತಿಯ ಹೊತ್ತಿಗೆ ತಮಿಳುನಾಡಿನ ಹಕ್ಕಿ ನೋಡುವವರು 2015ರಿಂದ ಪೊಂಗಲ್ ಹಕ್ಕಿ ಗಣತಿ ನಡೆಸುತ್ತಿದ್ದಾರೆ. ಕಾಡಿಗೇ ಹೋಗಬೇಕೆಂದಿಲ್ಲ, ಮಹಡಿ, ಕೆರೆ, ಪಾರ್ಕು ಎಲ್ಲಾದರೂ ಸರಿ. ಕನಿಷ್ಠ ಕಾಲು ಗಂಟೆ ನಿಂತು ಕಂಡದ್ದನ್ನೂ ಕೇಳಿದ್ದನ್ನೂ ಬರೆದು, ಇ-ಬರ್ಡ್ ಜಾಲತಾಣಕ್ಕೆ ಏರಿಸಿದರಾಯಿತು. ಕಾಗೆಯನ್ನು ಬಿಡುವಂತಿಲ್ಲ. ಎಲ್ಲರಿಗೂ ರಾಜಹಕ್ಕಿ ಬೇಕು, ಮರಕುಟಿಗ ಬೇಕು. ಕಾಗೆ ಎಣಿಸುವ ಕೆಲಸ ಮಾತ್ರ ನನಗೆ ಮತ್ತು ಕಾರ್ಪೊರೇಷನ್ ಶಾಲೆಯ ಒಬ್ಬ ಹುಡುಗಿಗೆ ಬಂತು. ಹೆಚ್ಚು ಕಷ್ಟದ್ದು ಅದೇ. ಎಣಿಸಿದ್ದು ಹಾರಿ ಬಂದು ಎಣಿಸದ್ದರ ಪಕ್ಕ ಕೂರುತ್ತದೆ. ಆ ಹುಡುಗಿ ಬುದ್ಧಿವಂತೆ. ತೊಟ್ಟಿಯ ಹತ್ತಿರದವು ನಿಮಗೆ, ಮರದ ಮೇಲಿನವು ನನಗೆ, ಹಾರುವವನ್ನು ಬಿಟ್ಟುಬಿಡೋಣ ಎಂದು ಗಡಿ ಹಾಕಿದಳು. ನಾನು ಒಯ್ದಿದ್ದ ಎಳ್ಳುಬೆಲ್ಲವನ್ನು ಹಂಚಿದೆ. ಅವರಿಗೆ ಅದು ಹೊಸದು. ಕೊಬ್ಬರಿ ಆರಿಸಿ ತಿಂದು ಎಳ್ಳನ್ನು ಕೈಯಲ್ಲೇ ಉಳಿಸಿಕೊಂಡವರಿಗೆ ಒಳ್ಳೆಯ ಮಾತಾಡಬೇಕೆಂಬ ಕರಾರನ್ನು ವಿವರಿಸಿದೆ. ಬ್ಯಾಂಕಿನವರು ಮಾತ್ರ ಬಾಯಿ ತುಂಬ ಎಳ್ಳು ಹಾಕಿಕೊಂಡೇ ನನ್ನ ಕಾಗೆಯ ಲೆಕ್ಕವನ್ನು ಅನುಮಾನಿಸಿದರು.

ಎಣಿಸಲು ಕೃಷ್ಣಮೃಗವೇ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಕೂ ಎಂದರೆ ಕೇಳುವಷ್ಟು ಹತ್ತಿರದಲ್ಲಿ ಗಿಂಡಿಯ ರಾಷ್ಟ್ರೀಯ ಉದ್ಯಾನವಿದೆ. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 119 ಚದರ ಕಿಲೋಮೀಟರ್ ಅಭಯಾರಣ್ಯ. ಇಲ್ಲಿಯವು ಜಿಂಕೆ, ನರಿ, ಕೋತಿಗಳ ಜೊತೆ ಎರಡೂ ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ, ಸುತ್ತ ಬಸ್ಸುಗಳ ಹಾರನ್ ಕೇಳುತ್ತ ಸಂಸಾರ ನಡೆಸುತ್ತಿವೆ. ಆಂಗ್ಲರೊಬ್ಬರ ಬೇಟೆಯ ತೋಟವಾಗಿದ್ದ ಈ ನೆಲವನ್ನು 1821ರಲ್ಲಿ ಸರ್ಕಾರ 35,000 ರೂಪಾಯಿಗೆ ಕೊಂಡಿತಂತೆ. 1910ರಲ್ಲಿ ಮೀಸಲು ಕಾಡಾದಾಗ ಐನೂರು ಹೆಕ್ಟೇರಿನಷ್ಟಿದ್ದದ್ದು, ಐಐಟಿ, ನಾಯಕರ ಸ್ಮಾರಕಗಳಿಗೆ ಒಂದೊಂದು ಚೂರು ಹೋಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗುವ ಹೊತ್ತಿಗೆ 270 ಹೆಕ್ಟೇರಿಗೆ ಬಂದು ನಿಂತಿತ್ತು. ಅದೇ ವರ್ಷ ಮದ್ರಾಸ್ ನ್ಯಾಚುರಲಿಸ್ಟ್ಸ್ ಸೊಸೈಟಿಯೂ ಹುಟ್ಟಿತು. ಅದರ ಪತ್ರಿಕೆಗೆ ಕೃಷ್ಣಮೃಗದ್ದೇ ಹೆಸರು. ಹವ್ಯಾಸಿಗಳೇ ಕಟ್ಟಿ ಹವ್ಯಾಸಿಗಳೇ ನಡೆಸಿಕೊಂಡು ಬಂದ ಸಂಘ. ಬೆಸೆಂಟ್ ನಗರದ ಮರಳಿನಲ್ಲಿ 1988ರಿಂದ ವಿದ್ಯಾರ್ಥಿಗಳು ರಾತ್ರಿಯಿಡೀ ನಡೆದು ಕಡಲಾಮೆಯ ಮೊಟ್ಟೆ ಹುಡುಕಿ ಕಾಪಾಡುವುದೂ ಸಂಬಳವಿಲ್ಲದ ಇಂಥದೇ ಹುಚ್ಚು. ಮೊದಲ ಸಲ ಈ ಊರಿಗೆ ಬರುವವರು ಮರೀನಾ, ಕಪಾಲೀಶ್ವರ, ರೇಷ್ಮೆ ಸೀರೆ ಎಂದು ಪಟ್ಟಿ ತರುತ್ತಾರೆ. ನನ್ನನ್ನು ಕೇಳಿದರೆ ಚೆನ್ನೈಯ ನಿಜವಾದ ಶ್ರೀಮಂತಿಕೆ ಈ ಸಂಬಳವಿಲ್ಲದವರದ್ದು.

ಕೋಟ್ಟೂರುಪುರಂನಲ್ಲಿ ಕಲಿತದ್ದನ್ನು ನಮ್ಮ ಬೀದಿ ಕೊನೆಯ ಪುಟ್ಟ ಪಾರ್ಕಿಗೂ ದಾಟಿಸಬೇಕೆಂಬ ಚಪಲ ನನಗೆ ಹತ್ತಿತು. ನಿವಾಸಿಗಳ ಸಂಘದ ಸಭೆಯಲ್ಲಿ ಮಾತೆತ್ತಿದೆ. ಎಲೆ ಬಿಟ್ಟರೆ ಹಾವು ಬರುತ್ತದೆ ಎಂದರು ಒಬ್ಬರು. ಕೇರೆ ಈಗಲೂ ಇದೆ, ಇಲಿ ತಿಂದುಕೊಂಡು ಪಂಪ್‌ಹೌಸಿನ ಹಿಂದೆ, ಎಂದು ಕಾವಲುಗಾರ ಬಾಯಿಬಿಟ್ಟದ್ದರಿಂದ ನನ್ನ ಪಕ್ಷಕ್ಕೆ ಲಾಭಕ್ಕಿಂತ ನಷ್ಟವೇ ಆಯಿತು. ಸೊಳ್ಳೆ ಬರುತ್ತದೆ ಎಂದರು ಇನ್ನೊಬ್ಬರು. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಎಂಟರ ಹಾದಿಯ ಪಕ್ಕ ಬಿಸಾಡಿದ ಗರಿಕೆ ರಸದ ಲೋಟದಲ್ಲಿ ಎಂದೆ. ಅದನ್ನು ಬಿಸಾಡುವವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಗೆ ಒಪ್ಪಂದವಾಯಿತು: ಹಾದಿ, ಬೆಂಚು, ಮಕ್ಕಳ ಆಟದ ಜಾಗ ಗುಡಿಸುವುದು, ಹಿಂದಿನ ಗೋಡೆಗೆ ಹೊಂದಿದ ನಾಲ್ಕು ಹೊಂಗೆ ಎರಡು ನೇರಳೆ ಮರಗಳ ಅಡಿ ಗುಡಿಸದೆ ಬಿಡುವುದು. ಅಲ್ಲಿದ್ದ ಒಣಗಿದ ತೆಂಗಿನ ಬೊಡ್ಡೆಯನ್ನೂ ಕಡಿಸದಿರಲು ಒಪ್ಪಿದರು, ಏಕೆಂದರೆ ಕಡಿಸಲು ಹಣವಿರಲಿಲ್ಲ. ಅದರ ಪೊಟರೆಯಲ್ಲಿ ಗಿಳಿ ಸಂಸಾರ ಹೂಡಿತು. ಈಗ ಅದು ತಮ್ಮದೇ ದೂರದೃಷ್ಟಿ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ.

ಗುಡಿಸುವ ಹೆಂಗಸಿಗೆ ಈ ಒಪ್ಪಂದ ತಿಳಿಸುವ ಕೆಲಸ ನನಗೇ ಬಿತ್ತು. ಸೊಂಟಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು. ಎಲೆ ಕೊಳೆತು ಮಣ್ಣಾಗುವುದು, ಹುಳು ಹುಪ್ಪಟೆ, ಆರು ಗಂಟೆಯ ಹಕ್ಕಿ, ಎಲ್ಲವನ್ನೂ ಹೇಳಿದೆ. 'ನಮ್ಮ ಊರಲ್ಲೂ ಆ ಹಕ್ಕಿ ಬರುತ್ತೆ ಅಮ್ಮಾ, ಕಾರ್ತಿಕಕ್ಕೆ' ಎಂದಳು. ತಿಂಡಿವನದ ಆಚೆಯ ಹಳ್ಳಿಯವಳು. ಅಲ್ಲಿ ಗೋಡಂಬಿ ತೋಪಿನಲ್ಲಿ ಎಲೆ ಗುಡಿಸಿದರೆ ಅವಳ ಅಪ್ಪ ಬೈಯುತ್ತಿದ್ದನಂತೆ. ನಾನು ಅರ್ಧ ಗಂಟೆ ಹೇಳಿದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

'ನನಗೇನೋ ಬೆನ್ನುನೋವು ಕಡಿಮೆ' ಎಂದಳು. 'ಆದರೆ ಮೇಸ್ತ್ರಿ ದಿನಾ ಬೆಳಿಗ್ಗೆ ಫೋಟೋ ಕೇಳ್ತಾನೆ. ಗುಡಿಸೋ ಮೊದಲು ಒಂದು, ಗುಡಿಸಿದ ಮೇಲೆ ಒಂದು. ಎರಡೂ ಒಂದೇ ಥರ ಇದ್ದರೆ ಅರ್ಧ ದಿನದ ಕೂಲಿ ಹಿಡೀತಾನೆ.'

ಆ ಮೇಸ್ತ್ರಿಯನ್ನು ಬರುವ ಸೋಮವಾರ ಕಾಣಬೇಕಾಗಿದೆ. ಯಜಮಾನರು ಜೊತೆಗೆ ಬರುತ್ತೇನೆಂದಿದ್ದಾರೆ, ಅವರ ತಮಿಳು ನನ್ನದಕ್ಕಿಂತ ಗಟ್ಟಿ. ಫೋಟೋಗಾದರೆ ಎಂಟರ ಹಾದಿ ಸಾಕಲ್ಲ ಎಂದು ಅವಳೇ ಒಂದು ಉಪಾಯ ಹೇಳಿಕೊಟ್ಟಿದ್ದಾಳೆ.